‘ನ್ಯೂಸ್’ ಪದದೊಳಗೆ ನಾಲ್ಕು ದಿಕ್ಕುಗಳಿವೆಯೇ?

ಪ್ರಶ್ನೆ: ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಅವಳ ಸಾಮಾನ್ಯ ಜ್ಞಾನದ ಕೈಪಿಡಿಯಲ್ಲಿ ‘ನ್ಯೂಸ್ ಪದದ ಪೂರ್ಣರೂಪವೇನು?’ ಎಂಬ ಪ್ರಶ್ನೆಗೆ ‘ನಾರ್ತ್, ಈಸ್ಟ್, ವೆಸ್ಟ್, ಸೌತ್’ ಎಂಬ ಉತ್ತರವಿದೆ. ನಾಲ್ಕು ದಿಕ್ಕುಗಳಿಂದ ಬರುವುದೇ ಸುದ್ದಿ ಎಂಬ ವಿವರಣೆಯೂ ಇದೆ. ನಾನು ಶಾಲೆಯಲ್ಲಿ ಕಲಿತದ್ದೂ ಇದನ್ನೇ. ಆದರೆ ಮಗಳು ಗ್ರಂಥಾಲಯದ ನಿಘಂಟು ನೋಡಿ, ಇದು ‘ನ್ಯೂ’ ಪದದಿಂದ ಬಂದದ್ದು ಎಂದು ತರಗತಿಯಲ್ಲಿ ಹೇಳಿದಾಗ ಶಿಕ್ಷಕಿ ‘ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನೇ ಬರೆ’ ಎಂದರಂತೆ. ಅಂದಿನಿಂದ ಅವಳಿಗೆ ಒಂದೇ ಗೊಂದಲ. ಯಾವುದು ಸರಿ? ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿರಬಹುದೇ? ಪರೀಕ್ಷೆಯಲ್ಲಿ ಏನು ಬರೆಯಬೇಕು? ಟಿಪ್, ಪಾಶ್, ಎಸ್‌ಒಎಸ್ ಇವುಗಳ ಪೂರ್ಣರೂಪಗಳೂ ಅದೇ ಕೈಪಿಡಿಯಲ್ಲಿವೆ, ಅವೂ ಕಟ್ಟುಕತೆಗಳೇ? ಕೊನೆಗೆ ‘ಎಸ್’ ಇದ್ದರೂ ‘ನ್ಯೂಸ್’ ಏಕವಚನವಾದದ್ದು ಹೇಗೆ?

ಉತ್ತರ: ನಿಮ್ಮ ಮಗಳು ಹೇಳಿದ್ದೇ ಸರಿ. ‘ನ್ಯೂಸ್’ ಯಾವುದರ ಸಂಕ್ಷೇಪವೂ ಅಲ್ಲ. ‘ಹೊಸ’ ಎಂಬ ಅರ್ಥದ ‘ನ್ಯೂ’ ಪದಕ್ಕೆ ಬಹುವಚನದ ‘ಎಸ್’ ಸೇರಿ ಆದದ್ದು. ‘ಹೊಸವು’, ‘ಹೊಸ ಸಂಗತಿಗಳು’ ಎಂದು ಅದರ ಮೂಲಾರ್ಥ. ಎರಡೂ ಸ್ವಲ್ಪ ಸ್ವಲ್ಪ ಸರಿ ಎಂದು ರಾಜಿ ಮಾಡಿಸಲು ಇಲ್ಲಿ ಎಡೆಯಿಲ್ಲ. ಆದರೆ ನಿಮ್ಮ ಪತ್ರವನ್ನು ಓದಿದಾಗ, ನಿಮ್ಮನ್ನು ಕಾಡುತ್ತಿರುವುದು ಪದದ ಹುಟ್ಟಿಗಿಂತ ಬೇರೆ ಎಂದು ನನಗೆ ಅನ್ನಿಸಿತು. ಅಚ್ಚಾದ ಒಂದು ಪುಸ್ತಕ ಒಂದು ಹೇಳುತ್ತದೆ, ಇನ್ನೊಂದು ಬೇರೆ ಹೇಳುತ್ತದೆ, ಅಂಕ ಕೊಡುವವರು ಮೊದಲನೆಯದರ ಪಕ್ಷ. ಹೀಗಿರುವಾಗ ಮಗು ಯಾವುದನ್ನು ನೆಚ್ಚಬೇಕು? ಅದಕ್ಕೆ ಉತ್ತರ ಹೇಳುವ ಮೊದಲು, ನಿಘಂಟಿನವರು ಯಾವ ಆಧಾರದ ಮೇಲೆ ಇಷ್ಟು ಖಚಿತವಾಗಿ ಮಾತನಾಡುತ್ತಾರೆ ಎಂಬುದನ್ನು ನಿಮ್ಮ ಮುಂದಿಡಬೇಕು.

ನಿಘಂಟಿನ ಕೆಲಸ ಮಾಡುವವರಿಗೆ ಈ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಕೇಳುವವರಲ್ಲಿ ಹೆಚ್ಚಿನವರಿಗೆ ದಿಕ್ಕುಗಳ ಕಥೆಯೇ ನಿಜವಾಗಿರಲಿ ಎಂಬ ಆಸೆ. ಅದು ತಪ್ಪೆಂದರೆ ಅವರ ಮುಖ ಸಪ್ಪೆಯಾಗುತ್ತದೆ. ಆಸೆಗೆ ಕಾರಣವಿದೆ: ನಾಲ್ಕು ಅಕ್ಷರ, ನಾಲ್ಕು ದಿಕ್ಕು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಅರ್ಥವೂ ಕೂಡಿಬರುತ್ತದೆ. ಇಷ್ಟು ಚೊಕ್ಕವಾದ ವಿವರಣೆ ಸಿಕ್ಕಿದಾಗಲೇ ನಮ್ಮ ವೃತ್ತಿಯವರು ಸಂಶಯ ಪಡಲು ತೊಡಗುತ್ತಾರೆ. ಪದಗಳು ಹುಟ್ಟುವುದು ಸಾಮಾನ್ಯವಾಗಿ ಇಷ್ಟು ಅಚ್ಚುಕಟ್ಟಾಗಿ ಅಲ್ಲ.

ನಾವು ಮೊದಲು ನೋಡುವುದು ಹಳೆಯ ಕಾಗುಣಿತವನ್ನು. ಇಂಗ್ಲಿಷಿನಲ್ಲಿ ಈ ಪದ 14ನೆಯ ಶತಮಾನದ ಕೊನೆಯ ಭಾಗದಿಂದಲೇ ಸಿಗುತ್ತದೆ. ಅಂದಿನಿಂದ 17ನೆಯ ಶತಮಾನದವರೆಗೆ ಅದನ್ನು ಬಹಳ ಸಲ ಐದು ಅಕ್ಷರಗಳಲ್ಲಿ ಬರೆಯುತ್ತಿದ್ದರು: ಎನ್, ಇ, ಡಬ್ಲ್ಯೂ, ಇ, ಎಸ್. ದಿಕ್ಕುಗಳ ಕಥೆಯನ್ನು ಇದಕ್ಕೆ ಹೊಂದಿಸಿದರೆ ಪೂರ್ವ ದಿಕ್ಕು ಎರಡು ಸಲ ಬರುತ್ತದೆ. 1616ರಲ್ಲಿ ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆ ‘ಕೆಟ್ಟ ಸುದ್ದಿಗಿಂತ ಸುದ್ದಿಯಿಲ್ಲದಿರುವುದೇ ಮೇಲು’ ಎಂಬರ್ಥದ ಮಾತು ಬರೆದಾಗ ಈ ಪದದ ನಡುವೆ ‘ಐ’ ಅಕ್ಷರವನ್ನು ಹಾಕಿದ್ದಾನೆ. ‘ಐ’ಯಿಂದ ಶುರುವಾಗುವ ದಿಕ್ಕು ಯಾವುದೋ ಆ ದೊರೆಯೇ ಹೇಳಬೇಕು. ಸಂಕ್ಷೇಪಗಳಲ್ಲಿ ಅಕ್ಷರಗಳು ಹೀಗೆ ಮನಬಂದಂತೆ ಸೇರುವುದಿಲ್ಲ, ಬಿಡುವುದಿಲ್ಲ. ಏಕೆಂದರೆ ಅಲ್ಲಿ ಒಂದೊಂದು ಅಕ್ಷರದ ಹಿಂದೆಯೂ ಒಂದು ಪದ ನಿಂತಿರುತ್ತದೆ.

ಎರಡನೆಯದು ಬಂಧುಬಳಗದ ಪರಿಶೀಲನೆ. ಫ್ರೆಂಚರು ಸುದ್ದಿಗೆ ‘ನೂವೆಲ್’ ಎನ್ನುತ್ತಾರೆ. ಅದೂ ‘ಹೊಸ’ ಎಂಬ ಪದದ ಬಹುವಚನವೇ. ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ನೋವಾ’, ಅಂದರೆ ಹೊಸವು. ಡಚ್ಚರಲ್ಲಿ ‘ನ್ಯೂಸ್’ಗೆ ತೀರ ಹತ್ತಿರದ ಉಚ್ಚಾರಣೆಯ ‘ನೀವ್ಸ್’, ಸ್ವೀಡನ್ನಿನಲ್ಲಿ ‘ನ್ಯೂಹೇತೆರ್’, ರಷ್ಯನ್ನರಲ್ಲಿ ‘ನೋವಸ್ತಿ’. ಎಲ್ಲ ಕಡೆಯೂ ಹೊಸತನದ ಬೇರಿನಿಂದಲೇ ಸುದ್ದಿ ಚಿಗುರಿದೆ. ರಷ್ಯನ್ ಭಾಷೆಯಲ್ಲಿ ಉತ್ತರಕ್ಕೆ ‘ಸೇವೆರ್’, ಪೂರ್ವಕ್ಕೆ ‘ವಸ್ತೋಕ್’ ಎನ್ನುತ್ತಾರೆ; ಆ ಅಕ್ಷರಗಳಿಂದ ‘ನೋವಸ್ತಿ’ಯನ್ನು ಕಟ್ಟಲು ಯಾವ ಪಂಡಿತನಿಂದಲೂ ಆಗದು. ಈ ಬೇರು ನಮಗೂ ಅಪರಿಚಿತವಲ್ಲ. ಸಂಸ್ಕೃತದ ‘ನವ’, ಪಾರ್ಸಿಯ ‘ನೌರೋಜ್’ನಲ್ಲಿರುವ ‘ನೌ’, ಲ್ಯಾಟಿನ್‌ನ ‘ನೋವುಸ್’, ಗ್ರೀಕಿನ ‘ನೇಯೋಸ್’, ಇಂಗ್ಲಿಷಿನ ‘ನ್ಯೂ’ ಇವೆಲ್ಲ ಒಂದೇ ಮೂಲದವು. ನಾವು ‘ನವೀನ’ ಎಂದಾಗಲೂ ‘ನ್ಯೂಸ್’ನ ದೂರದ ದಾಯಾದಿಯೊಂದನ್ನು ಉಚ್ಚರಿಸಿದಂತೆಯೇ.

ಇನ್ನೊಂದು ಸಣ್ಣ ಅನುಮಾನವನ್ನು ನೀವೇ ಎತ್ತಬಹುದಿತ್ತು. ದಿಕ್ಕುಗಳನ್ನು ಯಾರು ಈ ಕ್ರಮದಲ್ಲಿ ಹೇಳುತ್ತಾರೆ? ದಿಕ್ಸೂಚಿಯಲ್ಲಿ ಪ್ರದಕ್ಷಿಣವಾಗಿ ಸುತ್ತಿದರೆ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ. ಇಂಗ್ಲಿಷ್ ಮಾತಿನ ರೂಢಿಯಲ್ಲಿ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಪೂರ್ವದಿಂದ ಪಶ್ಚಿಮಕ್ಕೆ ಹಾರಿ ಆಮೇಲೆ ದಕ್ಷಿಣಕ್ಕೆ ಇಳಿಯುವ ಕ್ರಮ ಸಿಗುವುದು ಈ ಪದವನ್ನು ಮುಂದಿಟ್ಟುಕೊಂಡು ಹೊಂದಿಸಿದಾಗ ಮಾತ್ರ.

ಹಾಗೆ ಹೊಂದಿಸಿದವರು ಇದ್ದರು ಎಂಬುದೇ ಈ ಕಥೆಯ ಸ್ವಾರಸ್ಯದ ಭಾಗ. 1640ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಚಾಟುಪದ್ಯಗಳ ಸಂಕಲನವೊಂದರಲ್ಲಿ ನಾಲ್ಕು ಸಾಲಿನ ಪದ್ಯವೊಂದಿದೆ. ಅದರ ತಾತ್ಪರ್ಯ ಹೀಗೆ: ಸುದ್ದಿ ಬಂದಾಗ ಆ ಪದದ ಅಕ್ಷರವನ್ನು ಯಾರಾದರೂ ಬಿಡಿಸಲು ಹೊರಟರೆ ಹೀಗೆ ಬಿಡಿಸಿರಿ; ಸುದ್ದಿ ತಲುಪುವುದು ಪತ್ರದಿಂದ, ಮಾತಿನಿಂದ ಇಲ್ಲವೇ ಬಾಯಿಂದ; ಅದು ಬರುವುದು ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣಗಳಿಂದ. ಇಂಗ್ಲಿಷಿನಲ್ಲಿ ‘ಲೆಟರ್’ ಎಂದರೆ ಅಕ್ಷರವೂ ಹೌದು, ಪತ್ರವೂ ಹೌದು. ಕವಿ ಆ ಶ್ಲೇಷೆಯ ಮೇಲೆಯೇ ಪದ್ಯವನ್ನು ನಿಲ್ಲಿಸಿದ್ದಾನೆ. ‘ಮೌತ್’ ಪದಕ್ಕೆ ಪ್ರಾಸವಾಗಿ ಕೊನೆಯಲ್ಲಿ ‘ಸೌತ್’ ಕುಳಿತಿದೆ. ನಮ್ಮ ಹಳೆಯ ಕವಿಗಳು ಒಬ್ಬರ ಹೆಸರಿನ ಅಕ್ಷರಗಳನ್ನು ಬಿಡಿಸಿ ಚಮತ್ಕಾರದ ಅರ್ಥ ಕಟ್ಟುತ್ತಿದ್ದರಲ್ಲ, ಅದೇ ಜಾತಿಯ ಕೆಲಸ ಇದು. ಕೇಳುಗರು ತಲೆದೂಗಲಿ ಎಂದು ಬರೆದದ್ದು; ಪದದ ಇತಿಹಾಸವೆಂದು ಬರೆದದ್ದಲ್ಲ. ಪದ್ಯ ಅಚ್ಚಾಗುವ ಹೊತ್ತಿಗೆ ‘ನ್ಯೂಸ್’ ಪದಕ್ಕೆ ಎರಡೂವರೆ ಶತಮಾನದ ವಯಸ್ಸಾಗಿತ್ತು. ಚಮತ್ಕಾರವನ್ನು ಚರಿತ್ರೆಯೆಂದು ತಿಳಿದವರು ಅದನ್ನು ಮುಂದೆ ದಾಟಿಸುತ್ತ ಬಂದರು. ಪತ್ರಿಕೆಯ ಶಿರೋಭಾಗದಲ್ಲಿ ದಿಕ್ಸೂಚಿಯ ಚಿತ್ರ ಹಾಕುತ್ತಿದ್ದರು ಎಂಬ ವಾದವೊಂದು ಆಗಾಗ ಕೇಳಿಬರುತ್ತದೆ. ಹಾಕಿದ್ದರೂ ಅದರಿಂದ ಏನೂ ಸಾಧಿಸಿದಂತಾಗುವುದಿಲ್ಲ, ಏಕೆಂದರೆ ಪತ್ರಿಕೆಗಳು ಹುಟ್ಟುವ ಎಷ್ಟೋ ಮೊದಲೇ ಪದ ಇತ್ತು.

ಈಗ ಪದದ ನಿಜವಾದ ಜೀವನಚರಿತ್ರೆಗೆ ಬರೋಣ. ನನ್ನ ಮಟ್ಟಿಗೆ ಇದು ದಿಕ್ಕುಗಳ ಕಥೆಗಿಂತ ಹೆಚ್ಚು ರಂಜಕ. ಮೊದಮೊದಲು ‘ನ್ಯೂಸ್’ ಎಂದರೆ ಸಮಾಚಾರವಲ್ಲ, ಬರಿಯ ‘ಹೊಸ ವಸ್ತುಗಳು’. 15ನೆಯ ಶತಮಾನದಲ್ಲಿ ‘ಇತ್ತೀಚಿನ ಘಟನೆಗಳ ವರ್ತಮಾನ’ ಎಂಬ ಅರ್ಥ ನೆಲೆಯೂರಿತು. ಅಲ್ಲಿಯವರೆಗೆ ಆ ಜಾಗದಲ್ಲಿದ್ದ ಪದ ‘ಟೈಡಿಂಗ್ಸ್’. ಅದು ಉತ್ತರ ಯುರೋಪಿನ ನಾರ್ಸ್ ಭಾಷೆಯಿಂದ ಬಂದದ್ದು, ಮೂಲದಲ್ಲಿ ‘ನಡೆದ ಸಂಗತಿಗಳು’ ಎಂದರ್ಥ. ಸಮುದ್ರದ ಉಬ್ಬರವಿಳಿತಕ್ಕೆ ಹೇಳುವ ‘ಟೈಡ್’ ಅದರ ಹತ್ತಿರದ ಸಂಬಂಧಿ. ಆ ‘ಟೈಡ್’ ಹಿಂದೊಮ್ಮೆ ‘ಕಾಲ’ ಎಂಬ ಅರ್ಥ ಕೊಡುತ್ತಿತ್ತು. ಜರ್ಮನ್ ಭಾಷೆಯಲ್ಲಿ ಇದೇ ಕುಲದ ‘ಟ್ಸೈಟುಂಗ್’ ಮೊದಲು ಸುದ್ದಿ ಎಂಬ ಅರ್ಥದಲ್ಲಿದ್ದು, ಈಗ ಸುದ್ದಿಪತ್ರಿಕೆ ಎಂಬ ಅರ್ಥಕ್ಕೆ ಸರಿದಿದೆ. ಇಂಗ್ಲಿಷಿನಲ್ಲಿ ‘ಟೈಡಿಂಗ್ಸ್’ ನಿಧಾನವಾಗಿ ಪೂಜಾಗೀತೆ ಮತ್ತು ಕಾವ್ಯಗಳ ಮೂಲೆಗೆ ಹೋಯಿತು, ‘ನ್ಯೂಸ್’ ಸಂತೆಗೆ ಬಂತು.

ಸಂತೆ ಎಂದದ್ದು ಸುಮ್ಮನೆ ಅಲ್ಲ. 17ನೆಯ ಶತಮಾನದ ಆರಂಭದಲ್ಲಿ ಸುದ್ದಿ ಮಾರಾಟದ ಸರಕಾಯಿತು. 1605ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯೋಹಾನ್ ಕರೋಲುಸ್ ಎಂಬವನು ಕೈಬರಹದ ವಾರ್ತಾಪತ್ರವನ್ನು ಅಚ್ಚಿಗೆ ತಂದ. ಇಂಗ್ಲಿಷಿನ ಮೊದಲ ಸುದ್ದಿಹಾಳೆ ಹೊರಟದ್ದು ಇಂಗ್ಲೆಂಡಿನಿಂದಲ್ಲ, ಆಮ್‌ಸ್ಟರ್‌ಡ್ಯಾಮ್‌ನಿಂದ, 1620ರ ಡಿಸೆಂಬರಿನಲ್ಲಿ. ಅದರ ಮೊದಲ ವಾಕ್ಯವನ್ನು ಓದಿದರೆ ಇಂದಿನ ಸಂಪಾದಕರು ಬೆವರುತ್ತಾರೆ: ‘ಇಟಲಿಯಿಂದ ಹೊಸ ಸಮಾಚಾರಗಳು ಇನ್ನೂ ಬಂದಿಲ್ಲ.’ ಸುದ್ದಿಯಿಲ್ಲ ಎಂಬ ಸುದ್ದಿಯಿಂದಲೇ ಇಂಗ್ಲಿಷ್ ಪತ್ರಿಕೋದ್ಯಮ ಕಣ್ಣುಬಿಟ್ಟಿತು. ಅಲ್ಲಿ ಬಳಕೆಯಾದ ಪದವೂ ‘ನ್ಯೂಸ್’ ಅಲ್ಲ, ‘ನ್ಯೂ ಟೈಡಿಂಗ್ಸ್’. ಹಳೆಯ ಪದ ಇನ್ನೂ ಪೂರ್ತಿ ಜಾಗ ಬಿಟ್ಟಿರಲಿಲ್ಲ. 1626ರಲ್ಲಿ ಇಂಗ್ಲಿಷ್ ನಾಟಕಕಾರ ಬೆನ್ ಜಾನ್ಸನ್ ಈ ಹೊಸ ವ್ಯಾಪಾರವನ್ನು ಗೇಲಿ ಮಾಡಿ ನಾಟಕವನ್ನೇ ಆಡಿಸಿದ. ಅದರಲ್ಲಿ ಸುದ್ದಿಯನ್ನು ಅಳೆದು ಮಾರುವ ಕಚೇರಿಯೊಂದಿದೆ. ಬೆಣ್ಣೆ ಮಾರುವ ಹೆಂಗಸೊಬ್ಬಳು ಬಂದು, ಯಾವುದಾದರೂ ಆಗಲಿ, ಒಂದು ಗ್ರೋಟ್ ಬೆಲೆಯಷ್ಟು ಸುದ್ದಿ ಕೊಡಿ, ನಮ್ಮ ಪಾದ್ರಿಗೆ ಒಯ್ಯಬೇಕು ಎಂದು ಕೇಳುತ್ತಾಳೆ. ಗ್ರೋಟ್ ಎಂದರೆ ಆಗಿನ 4 ಪೆನ್ನಿಯ ನಾಣ್ಯ. ‘ಯಾವುದಾದರೂ ಆಗಲಿ’ ಎಂಬ ಆ ಮಾತಿನಲ್ಲಿ, ಹೊಸ ಸಂಗತಿ ಎಂಬ ಅರ್ಥ ಸವೆದು ಸರಕು ಎಂಬ ಅರ್ಥ ಮೇಲೆದ್ದದ್ದನ್ನು ಕಾಣಬಹುದು.

ಆಮೇಲಿನ ಹಾದಿ ಗೊತ್ತಿರುವುದೇ. ‘ನ್ಯೂಸ್‌ಪೇಪರ್’ ಎಂಬ ಜೋಡುಪದ 1670ರ ಸುಮಾರಿಗೆ ಬಳಕೆಗೆ ಬಂತು, 1702ರಲ್ಲಿ ಲಂಡನ್ನಿನಲ್ಲಿ ಮೊದಲ ಇಂಗ್ಲಿಷ್ ದಿನಪತ್ರಿಕೆ ಹೊರಟಿತು. ರೇಡಿಯೊ ಬಂದ ಮೇಲೆ ‘ನ್ಯೂಸ್’ ಎಂದರೆ ನಿಗದಿತ ಹೊತ್ತಿನ ಕಾರ್ಯಕ್ರಮ ಎಂಬ ಅರ್ಥವೂ ಕೂಡಿಕೊಂಡಿತು. 1930ರ ಏಪ್ರಿಲ್ 18ರಂದು, ಗುಡ್ ಫ್ರೈಡೆಯ ರಾತ್ರಿ, ಬಿಬಿಸಿಯ ವಾರ್ತಾವಾಚಕ ‘ಇಂದು ಸುದ್ದಿಯಿಲ್ಲ’ ಎಂದು ಹೇಳಿ ಮುಗಿಸಿದ. ಉಳಿದ ಸಮಯದಲ್ಲಿ ಪಿಯಾನೊ ನುಡಿಸಿದರು. ಇಡೀ ಜಗತ್ತಿನಲ್ಲಿ ಅಂದು ಹೊಸದೇನೂ ನಡೆಯಲಿಲ್ಲ ಎಂದು ಇದರ ಅರ್ಥವಲ್ಲ. ‘ನ್ಯೂಸ್’ ಎಂದರೆ ನಡೆದದ್ದೆಲ್ಲ ಅಲ್ಲ, ಹೇಳಲು ತಕ್ಕದ್ದೆಂದು ಯಾರೋ ಆರಿಸಿದ್ದು ಎಂಬ ಅರ್ಥಛಾಯೆ ಆ ಹೊತ್ತಿಗೆ ಪದದೊಳಗೆ ಗಟ್ಟಿಯಾಗಿ ಕುಳಿತಿತ್ತು. ನಾಲ್ಕು ದಿಕ್ಕುಗಳ ಕಥೆ ಕಾಣದಂತೆ ಮಾಡುವುದು ಇದನ್ನೇ. ಎಲ್ಲ ದಿಕ್ಕಿನಿಂದಲೂ ತಾನಾಗಿ ಹರಿದು ಬರುವುದೇ ಸುದ್ದಿ ಎಂದು ಅದು ನಂಬಿಸುತ್ತದೆ.

ಹಾಗಾದರೆ ಮೊದಲಕ್ಷರಗಳಿಂದ ಪದಗಳು ಹುಟ್ಟುವುದೇ ಇಲ್ಲವೇ? ಧಾರಾಳವಾಗಿ ಹುಟ್ಟುತ್ತವೆ, ಆದರೆ ಇಂಗ್ಲಿಷಿನ ದಿನಬಳಕೆಯಲ್ಲಿ ಅದು ಬಹುಮಟ್ಟಿಗೆ 20ನೆಯ ಶತಮಾನದ ರೂಢಿ. ಸೇನೆ, ಸರ್ಕಾರಿ ಇಲಾಖೆ, ಪ್ರಯೋಗಾಲಯಗಳು ಅದನ್ನು ಬೆಳೆಸಿದವು. ‘ರೇಡಾರ್’ 1940ರಲ್ಲಿ ಅಮೆರಿಕದ ನೌಕಾಪಡೆ ಕಟ್ಟಿದ ಸಂಕ್ಷೇಪ. ‘ಲೇಸರ್’ ಪದವನ್ನು 1957ರಲ್ಲಿ ಅಮೆರಿಕದ ಭೌತವಿಜ್ಞಾನಿ ಗಾರ್ಡನ್ ಗೌಲ್ಡ್ ತನ್ನ ನೋಟ್‌ಪುಸ್ತಕದಲ್ಲಿ ಪೂರ್ಣರೂಪದ ಸಮೇತ ಬರೆದು ನೋಟರಿಯಿಂದ ದೃಢೀಕರಿಸಿಕೊಂಡಿದ್ದ. ನಿಜವಾದ ಸಂಕ್ಷೇಪದ ಗುರುತೇ ಇದು: ಪೂರ್ಣರೂಪ ಮೊದಲು ಅಥವಾ ಜೊತೆಯಲ್ಲೇ ದಾಖಲಾಗಿರುತ್ತದೆ. ಪದ ಸಿಕ್ಕಿ ಎಷ್ಟೋ ಕಾಲದ ಮೇಲೆ ಪೂರ್ಣರೂಪ ಪ್ರತ್ಯಕ್ಷವಾದರೆ, ಅದನ್ನು ಯಾರೋ ಬಿಡುವಾಗಿ ಕುಳಿತು ಹೊಸೆದಿದ್ದಾರೆ ಎಂದೇ ತಿಳಿಯಬೇಕು. 20ನೆಯ ಶತಮಾನಕ್ಕೆ ಮೊದಲಿನ ಅಪವಾದಗಳಲ್ಲಿ ಪ್ರಸಿದ್ಧವಾದದ್ದು ‘ಓಕೆ’. 1839ರ ಮಾರ್ಚ್ 23ರಂದು ಬಾಸ್ಟನ್ ನಗರದ ಪತ್ರಿಕೆಯೊಂದು ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ‘ಓ’ ಮತ್ತು ‘ಕೆ’ ಅಕ್ಷರಗಳಿಂದ ಶುರುವಾಗುವ ತಪ್ಪು ಕಾಗುಣಿತವಾಗಿ ಭಾವಿಸಿ, ಅದರ ಮೊದಲಕ್ಷರಗಳನ್ನು ತಮಾಷೆಗೆ ಅಚ್ಚು ಮಾಡಿತ್ತು. ಆ ತಮಾಷೆ ಪ್ರಪಂಚವನ್ನೇ ಸುತ್ತಿಬಂತು. ವಿಚಿತ್ರವೆಂದರೆ ಅಲ್ಲಿ ಸಂಕ್ಷೇಪದ ವಿವರಣೆಯೇ ನಿಜ. ಗ್ರೀಕ್ ಮೂಲ, ಸ್ಕಾಟ್ ಮೂಲ ಎಂಬ ಗಂಭೀರವಾಗಿ ಕಾಣುವ ವಾದಗಳೇ ನಿಲ್ಲುವುದಿಲ್ಲ.

‘ನ್ಯೂಸ್’ನ ಹಾಗೆಯೇ ಆದ ಇನ್ನೊಂದು ಪದ ‘ಕಬಾಲ್’, ಅಂದರೆ ಒಳಸಂಚಿನ ಕೂಟ. 17ನೆಯ ಶತಮಾನದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಐವರು ಮಂತ್ರಿಗಳಾದ ಕ್ಲಿಫರ್ಡ್, ಆರ್ಲಿಂಗ್ಟನ್, ಬಕಿಂಗ್‌ಹ್ಯಾಮ್, ಆಶ್ಲಿ, ಲಾಡರ್‌ಡೇಲ್ ಇವರ ಮೊದಲಕ್ಷರಗಳಿಂದ ಅದು ಆಯಿತೆಂದು ಹೇಳುವವರಿದ್ದಾರೆ. ಅಕ್ಷರಗಳು ಹೊಂದುವುದೇನೋ ನಿಜ. ಆದರೆ ಹೀಬ್ರೂ ಮೂಲದ ಆ ಪದ ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಮೊದಲೇ ಬಂದಿತ್ತು. ಕಾಕತಾಳೀಯವನ್ನು ಕಂಡು ಆಗಿನವರು ಚಪ್ಪಾಳೆ ತಟ್ಟಿದರು, ಅಷ್ಟೆ.

ನಿಮ್ಮ ಕೈಪಿಡಿಯ ಉಳಿದ ಮೂರು ಪದಗಳ ವಿಚಾರವನ್ನು ಬೇಗ ಮುಗಿಸುತ್ತೇನೆ. ‘ಟಿಪ್’ ಬೇಗ ಸೇವೆ ಸಿಗಲಿ ಎಂಬರ್ಥದ ವಾಕ್ಯದ ಸಂಕ್ಷೇಪವಲ್ಲ. ‘ಕೈಗೆ ದಾಟಿಸು’ ಎಂಬರ್ಥದಲ್ಲಿ 17ನೆಯ ಶತಮಾನದ ಕಳ್ಳರ ಗುಟ್ಟುಭಾಷೆಯಲ್ಲಿದ್ದ ಕ್ರಿಯಾಪದ ಮುಂದಿನ ಶತಮಾನದಲ್ಲಿ ಭಕ್ಷೀಸು ಎಂಬ ಅರ್ಥ ಪಡೆಯಿತು. ಸಿರಿವಂತಿಕೆಯ ಠೀವಿಯುಳ್ಳ ಎಂಬರ್ಥದ ‘ಪಾಶ್’ ಪದವನ್ನು, ‘ಹೋಗುವಾಗ ಎಡಬದಿ, ಮರಳುವಾಗ ಬಲಬದಿ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳ ಮುದ್ರೆಯೆಂದು, ಹಡಗಿನ ನೆರಳಿರುವ ಕೋಣೆಗಳ ಟಿಕೆಟ್ಟಿಗೆ ಜೋಡಿಸುತ್ತಾರೆ. ಅಂಥ ಮುದ್ರೆಯಿರುವ ಒಂದು ಟಿಕೆಟ್ಟೂ ಇದುವರೆಗೆ ಸಿಕ್ಕಿಲ್ಲ. ಅದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆದರೆ ಟಿಕೆಟ್ಟಿನ ಕಥೆಯನ್ನು ಒಪ್ಪುವವರು ಅವರಲ್ಲಿ ಯಾರೂ ಇಲ್ಲವೆಂದೇ ಹೇಳಬಹುದು. ಅಪಾಯದಲ್ಲಿರುವ ಹಡಗುಗಳು ನೆರವಿಗಾಗಿ ಕಳಿಸುತ್ತಿದ್ದ ‘ಎಸ್‌ಒಎಸ್’ ಸಂಕೇತ ‘ನಮ್ಮ ಆತ್ಮಗಳನ್ನು ಕಾಪಾಡಿ’ ಎಂಬ ಮೊರೆಯ ಸಂಕ್ಷೇಪವಲ್ಲ. ಚುಕ್ಕಿ ಗೆರೆಗಳಲ್ಲಿ ಸಂದೇಶ ಕಳಿಸುವ ಮೋರ್ಸ್ ತಂತಿಭಾಷೆಯಲ್ಲಿ ಅದು ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ. ಎಂಥ ಗದ್ದಲದಲ್ಲೂ ತಪ್ಪದೆ ಗುರುತಿಸಬಹುದು. ಅದಕ್ಕಾಗಿಯೇ 1905ರಲ್ಲಿ ಜರ್ಮನಿ ಅದನ್ನು ಆರಿಸಿತು, ಮರುವರ್ಷ ಬರ್ಲಿನ್ನಿನ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿತು.

ಇನ್ನು ಪರೀಕ್ಷೆಯ ಮಾತು. ನಿಮ್ಮ ಮುಂದಿರುವ ದಾರಿಗಳಲ್ಲಿ ಯಾವುದೂ ಪೂರ್ತಿ ಸುಖದ್ದಲ್ಲ. ಪುಸ್ತಕದಲ್ಲಿರುವುದನ್ನೇ ಬರೆದು ಬಾ ಎಂದು ಮಗಳಿಗೆ ಹೇಳಬಹುದು. ಅಂಕ ಉಳಿಯುತ್ತದೆ, ಆದರೆ ತಾನಾಗಿ ನಿಘಂಟು ತೆರೆದ ಮಗುವಿಗೆ, ಹುಡುಕಿ ಪ್ರಯೋಜನವಿಲ್ಲ ಎಂದು ಹೇಳಿದಂತೆ ಆಗುತ್ತದೆ. ನನಗೆ ಇದು ದುಬಾರಿ ಅಂಕವಾಗಿ ಕಾಣುತ್ತದೆ. ಸರಿಯಾದುದನ್ನೇ ಬರೆ, ಅಂಕ ಹೋದರೆ ಹೋಗಲಿ ಎನ್ನಬಹುದು. ಒಂದು ಅಂಕಕ್ಕೆ ಮನೆಯವರು ತಲೆ ಕೆಡಿಸಿಕೊಳ್ಳದಿದ್ದರೆ ಇದು ಚೆನ್ನಾಗಿಯೇ ಇದೆ. ಸೋತೆ ಎಂದು ಅಳುವ ಸ್ವಭಾವದ ಮಗುವಾದರೆ ಮಾತ್ರ ಹಟ ಬೇಡ. ಮಗಳೇ ಮತ್ತೊಮ್ಮೆ ತರಗತಿಯಲ್ಲಿ ವಾದಿಸಲಿ ಎಂದು ಬಿಡುವುದನ್ನು ನಾನು ಒಪ್ಪುವುದಿಲ್ಲ. ಮೂವತ್ತು ನಲವತ್ತು ಮಕ್ಕಳ ಎದುರು ಶಿಕ್ಷಕರಿಗೆ ಹಿಂದೆ ಸರಿಯುವುದು ಕಷ್ಟ. ಸತ್ಯ ಗೊತ್ತಾದರೂ ಬಿಗಿದುಕೊಳ್ಳುತ್ತಾರೆ.

ನಾನು ಆರಿಸುವ ದಾರಿ ಬೇರೆ. ಪರೀಕ್ಷೆಗೆ ಮೊದಲೇ ನೀವು ಶಿಕ್ಷಕಿಯನ್ನು ಒಬ್ಬರನ್ನೇ ಕಂಡು, ನಿಘಂಟಿನ ಆ ಪುಟದ ಪ್ರತಿಯನ್ನು ಕೊಡಿ. ಆಕ್ಸ್‌ಫರ್ಡ್ ಅಥವಾ ಮೆರಿಯಮ್ ವೆಬ್‌ಸ್ಟರ್ ಆದರೆ ಪದಮೂಲದ ಟಿಪ್ಪಣಿ ಇರುತ್ತದೆ. ಪದಮೂಲ ಕೊಡದ ಕಿರು ನಿಘಂಟು ಇಲ್ಲಿ ಉಪಯೋಗಕ್ಕೆ ಬಾರದು. ‘ನಿಮ್ಮದು ತಪ್ಪು’ ಎನ್ನಬೇಡಿ, ಕೈಪಿಡಿಯಲ್ಲಿ ತಪ್ಪು ಅಚ್ಚಾಗಿದೆ ಎನ್ನಿ. ಅದು ಸತ್ಯವೂ ಹೌದು, ಆಕೆಗೆ ಮರ್ಯಾದೆಯೂ ಉಳಿಯುತ್ತದೆ. ಎರಡೂ ಉತ್ತರಗಳಿಗೆ ಅಂಕ ಕೊಡಬಹುದೇ ಎಂದೋ, ಆ ಪ್ರಶ್ನೆಯನ್ನೇ ಕೈಬಿಡಬಹುದೇ ಎಂದೋ ಕೇಳಿ. ಒಪ್ಪದೆಯೂ ಇರಬಹುದು, ಉತ್ತರಸೂಚಿ ಅವರ ಕೈಯಲ್ಲಿಲ್ಲದ ಶಾಲೆಗಳೂ ಇರುತ್ತವೆ. ಆಗ ಮಗಳಿಗೆ ಇದ್ದದ್ದನ್ನು ಇದ್ದಂತೆ ಹೇಳಿ: ಈ ಪ್ರಶ್ನೆ ಕೇಳುತ್ತಿರುವುದು ಪದದ ಮೂಲವನ್ನಲ್ಲ, ಕೈಪಿಡಿಯಲ್ಲಿ ಏನಿದೆ ಎಂಬುದನ್ನು, ಏನು ಬರೆಯಬೇಕೆಂದು ನೀನೇ ತೀರ್ಮಾನಿಸು. ಏಳನೆಯ ತರಗತಿಯ ಮಗುವಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ. 1640ರ ಪದ್ಯದ ಕಥೆಯನ್ನೂ ಅವಳಿಗೆ ಹೇಳಿ. ದಿಕ್ಕುಗಳ ಚಮತ್ಕಾರವನ್ನು ಚಮತ್ಕಾರವಾಗಿಯೇ ಸವಿಯಲು ಯಾವ ಅಡ್ಡಿಯೂ ಇಲ್ಲ.

ಕೊನೆಯ ‘ಎಸ್’ ಬಗ್ಗೆ. ಬಹುವಚನವಾಗಿ ಹುಟ್ಟಿದ ಪದ ಬಹಳ ಕಾಲ ಎರಡೂ ದೋಣಿಯಲ್ಲಿ ಕಾಲಿಟ್ಟಿತ್ತು. ಶೇಕ್ಸ್‌ಪಿಯರನ ನಾಟಕಗಳಲ್ಲಿ ‘ಈ ಸುದ್ದಿ’ ಎಂಬ ಪ್ರಯೋಗವೂ ಇದೆ, ‘ಈ ಸುದ್ದಿಗಳು’ ಎಂಬ ಅರ್ಥದ ಬಹುವಚನವೂ ಇದೆ. ವಿಕ್ಟೋರಿಯಾ ರಾಣಿಯ ಪತ್ರವೊಂದರಲ್ಲಿ ಕೂಡ ಆಸ್ಟ್ರಿಯಾದ ಸುದ್ದಿಗೆ ಬಹುವಚನದ ಕ್ರಿಯಾಪದವೇ ಇದೆ. ಆದರೆ ಅಷ್ಟು ಹೊತ್ತಿಗೆ ಜನಬಳಕೆ ಏಕವಚನದ ಕಡೆ ವಾಲಿಯಾಗಿತ್ತು. ಸುದ್ದಿಯನ್ನು ಬಿಡಿಬಿಡಿಯಾಗಿ ಎಣಿಸದೆ ಒಟ್ಟಾರೆ ರಾಶಿಯಾಗಿ ನೋಡತೊಡಗಿದ್ದೇ ಇದಕ್ಕೆ ಕಾರಣ. ‘ಮ್ಯಾಥಮೆಟಿಕ್ಸ್’, ‘ಪಾಲಿಟಿಕ್ಸ್’ ಪದಗಳಲ್ಲೂ ರೂಪ ಬಹುವಚನದ್ದು, ನಡತೆ ಹೆಚ್ಚಾಗಿ ಏಕವಚನದ್ದು. ಆದ್ದರಿಂದ ಇಂದಿನ ಇಂಗ್ಲಿಷಿನಲ್ಲಿ ‘ನ್ಯೂಸ್ ಈಸ್’ ಎನ್ನುವುದೇ ಸರಿ. ಒಂದು ಸುದ್ದಿ ಎನ್ನಬೇಕಾದಾಗ ‘ಎ ನ್ಯೂಸ್’ ಎಂದು ಬರೆಯುವುದು ನಮ್ಮಲ್ಲಿ ತೀರ ಸಾಮಾನ್ಯವಾದ ತಪ್ಪು. ‘ಎ ಪೀಸ್ ಆಫ್ ನ್ಯೂಸ್’ ಅಥವಾ ‘ಎ ನ್ಯೂಸ್ ಐಟಂ’ ಎಂದಾಗಬೇಕು. ಕೈಪಿಡಿಯಲ್ಲಿ ವ್ಯಾಕರಣದ ವಿಭಾಗವೂ ಇದ್ದರೆ ಈ ಪ್ರಯೋಗವನ್ನು ಹೇಗೆ ಕೊಟ್ಟಿದ್ದಾರೆ ಎಂದು ಒಮ್ಮೆ ನೋಡಿ. ಅಲ್ಲೂ ತಪ್ಪಿದ್ದರೆ ಶಿಕ್ಷಕಿಗೆ ಕೊಡುವ ಪ್ರತಿಗಳ ಜೊತೆ ಅದನ್ನೂ ಸೇರಿಸಬಹುದು.